ಬ್ಲೋಹೋಲ್ ಫೋಟೋ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ಎರಕದ ಲೋಹದೊಳಗೆ ಗ್ಯಾಸ್ ಸಿಕ್ಕಿ ಆಗುವ ತೂತು, ಅಂದರೆ ಬ್ಲೋಹೋಲ್ ಬಗ್ಗೆ ಕೇಳಿದ್ದಕ್ಕೆ ಗುಂಪಿನಲ್ಲಿ ತಿಮಿಂಗಿಲದ ವಿಡಿಯೋಗಳೇ ಜಾಸ್ತಿ ಬಂದವು. ಚೆನ್ನಾಗಿದ್ದವು, ಬೇಡ ಅನ್ನುವುದಿಲ್ಲ. ತಿಮಿಂಗಿಲಕ್ಕೆ ಬ್ಲೋಹೋಲ್ ಅಂದರೆ ಮೂಗು. ನೀಲಿ ತಿಮಿಂಗಿಲಕ್ಕೆ ಎರಡು ಹೊಳ್ಳೆ, ಡಾಲ್ಫಿನ್‌ಗೆ ಒಂದೇ. ಆಸ್ಟ್ರೇಲಿಯಾದ ಕಿಯಾಮಾದಲ್ಲಿ ಕಡಲತಡಿಯ ಬಂಡೆಯ ತೂತಿನಿಂದ ಅಲೆ ಮೇಲಕ್ಕೆ ಚಿಮ್ಮುತ್ತದೆ, ಅದಕ್ಕೂ ಇದೇ ಹೆಸರು. ಅಲ್ಲೆಲ್ಲ ಗಾಳಿಗೆ ಹೊರಗೆ ಹೋಗಲು ದಾರಿ ಇದೆ. ನಮ್ಮ ಹೆಬ್ಬಾಳದ ಫೌಂಡ್ರಿಗಳಲ್ಲಿ, ಅಂದರೆ ಕರಗಿದ ಲೋಹವನ್ನು ಮರಳಿನ ಅಚ್ಚಿಗೆ ಹೊಯ್ಯುವ ಕಡೆ, ತಲೆನೋವು ಶುರುವಾಗುವುದೇ ಆ ದಾರಿ ಇಲ್ಲದಾಗ.

ಅಚ್ಚಿನ ಮರಳಲ್ಲಿ ತೇವ ಜಾಸ್ತಿಯಿದ್ದರೆ, ಕಾದ ಲೋಹ ತಾಗಿದ ಕೂಡಲೇ ಅದು ಆವಿಯಾಗುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮರಳಿನ ಸಂದಿಯಿಂದ ಹೊರಗೆ ಹೋಗಲಾಗದಿದ್ದರೆ ಲೋಹದೊಳಗೆ ನುಗ್ಗಿ ಗುಳ್ಳೆಯಾಗಿ ಉಳಿಯುತ್ತದೆ. ಎಷ್ಟೋ ಸಲ ಮೆಷಿನಿಂಗ್‌ನಲ್ಲಿ ಮೇಲ್ಪದರ ತೆಗೆದ ಮೇಲೇ ಕಾಣುವುದು. ಅಷ್ಟರಲ್ಲಿ ಕೂಲಿ, ಕರೆಂಟು ಎಲ್ಲ ದಂಡ, ಅಲ್ವಾ? ಸರಿಯಾಗಿ ಒಣಗದ ಕೋರ್ (ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ತುಂಡು), ಬಿಸಿ ಮಾಡದ ಲ್ಯಾಡಲ್ (ಲೋಹ ಹೊಯ್ಯುವ ಪಾತ್ರೆ) ಕೂಡ ಇದೇ ಕೆಲಸ ಮಾಡುತ್ತವೆ. ಅಲ್ಯೂಮಿನಿಯಂನಲ್ಲಿ ಮುಖ್ಯ ಕಳ್ಳ ಹೈಡ್ರೋಜನ್. ಲೋಹ ಕರಗಿದಾಗ ಹೀರಿಕೊಂಡದ್ದನ್ನು ಗಟ್ಟಿಯಾಗುವಾಗ ಬಿಟ್ಟುಬಿಡುತ್ತದೆ. ಡಿಗ್ಯಾಸಿಂಗ್, ಅಂದರೆ ಹೊಯ್ಯುವ ಮುಂಚೆ ಗ್ಯಾಸ್ ತೆಗೆಯುವುದು, ಮಾಡುವುದು ಅದಕ್ಕೇ.

ತೂತಿನ ಒಳಗೋಡೆ ನುಣುಪಾಗಿ ದುಂಡಗಿದ್ದರೆ ಸಾಮಾನ್ಯವಾಗಿ ಗ್ಯಾಸ್. ಒರಟಾಗಿ ಹರಿದಂತಿದ್ದರೆ ಶ್ರಿಂಕೇಜ್, ಅಂದರೆ ಲೋಹ ಗಟ್ಟಿಯಾಗುವಾಗ ಕುಗ್ಗಿ ಆದ ತೂತು. ಆಗ ರೈಸರ್ (ಕುಗ್ಗುವ ಕಡೆಗೆ ಹೆಚ್ಚುವರಿ ಲೋಹ ಒದಗಿಸುವ ಭಾಗ) ನೋಡಿ, ಸುಮ್ನೆ ಮರಳನ್ನು ಬೈಯಬೇಡಿ.

ಹಾಗಾಗಿ ಫೋಟೋ ಜೊತೆ ಯಾವ ಲೋಹ, ತೂತು ಅಚ್ಚಿನ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ, ಮರಳಿನ ತೇವ ಎಷ್ಟಿತ್ತು ಎಂದು ಬರೆಯಿರಿ. ಹತ್ತಿರದಿಂದ, ಬೆಳಕಿನಲ್ಲಿ ತೆಗೆಯಿರಿ. ಪುಟ್ಟಿ ಹಚ್ಚಿದ ಮೇಲಿನ ಫೋಟೋ ಮಾತ್ರ ಬೇಡ.