ಎಲಿಜಬೆತ್ ಹೇಳಿದ ಸುಳ್ಳು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ಅಮ್ಮ ಹೇಳಿರುತ್ತಾಳೆ, ಬಿಡು. ನೀನು ಎಲಿಜಬೆತ್ ಪಾತ್ರ ಮಾಡುತ್ತಿರುವ ಆರ್ಥರ್ ಮಿಲ್ಲರನ ‘ದ ಕ್ರೂಸಿಬಲ್’ ನಾಟಕದ ಬಗ್ಗೆ ‘ಮೂರನೇ ಅಂಕದಲ್ಲಿ ಸುಳ್ಳು ಹೇಳಿದ ಮೇಲೆ ಎಲಿಜಬೆತ್ ಕೂಡ ಆಷಾಢಭೂತಿಯೇ ಅಲ್ಲವೇ?’ ಎಂದು ಬರೆದಿದ್ದೀಯಲ್ಲ, ಆ ಸಾಲು ಎರಡು ದಿನದಿಂದ ನನ್ನನ್ನು ಕೊರೆಯುತ್ತಿದೆ.

ಮಾಟಗಾತಿಯರ ವಿಚಾರಣೆ ನಡೆಯುವ ನ್ಯಾಯಾಲಯಕ್ಕೆ ಅವಳನ್ನು ಕರೆಸುವ ಮೊದಲೇ ಅವಳ ಗಂಡ ಪ್ರಾಕ್ಟರ್, ಜನರ ಮೇಲೆ ಮಾಟದ ಆರೋಪ ಹೊರಿಸುವ ಹುಡುಗಿ ಅಬಿಗೇಲಳ ಜೊತೆಗಿನ ತನ್ನ ಹಾದರವನ್ನು ಒಪ್ಪಿಕೊಂಡಾಗಿದೆ. ತನ್ನ ಹೆಂಡತಿ ಸುಳ್ಳಾಡುವವಳೇ ಅಲ್ಲ ಎಂದೂ ಹೇಳಿಯಾಗಿದೆ. ನ್ಯಾಯಾಧೀಶ ಡ್ಯಾನ್‌ಫೋರ್ತ್ ಅವನನ್ನೂ ಅಬಿಗೇಲಳನ್ನೂ ಬೆನ್ನು ತಿರುಗಿಸಿ ನಿಲ್ಲಿಸುತ್ತಾನೆ. ಗಂಡ ಒಪ್ಪಿಕೊಂಡದ್ದು ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಿಲ್ಲ. ಗಂಡ ಹಾದರ ಮಾಡಿದನೇ ಎಂದು ಕೇಳಿದಾಗ ಅವನ ಮಾನ ಉಳಿಸಲು ‘ಇಲ್ಲ’ ಎನ್ನುತ್ತಾಳೆ, ಅದೇ ಅವನ ಕುತ್ತಿಗೆಗೆ ಬರುತ್ತದೆ.

ಆಷಾಢಭೂತಿತನಕ್ಕೆ ಲಾಭವೊಂದು ಇರಲೇಬೇಕು ಮಗಳೇ. ಜಮೀನ್ದಾರ ಪುಟ್ನಮ್‌ಗೆ ನೆರೆಯವರ ಜಮೀನು, ಅಬಿಗೇಲಳಿಗೆ ಪ್ರಾಕ್ಟರ್, ಪಾದ್ರಿ ಪ್ಯಾರಿಸ್‌ಗೆ ತನ್ನ ಹುದ್ದೆ. ಇವಳಿಗೇನು ಸಿಕ್ಕಿತು? ಅದು ಯಾರಾದರೂ ಹೇಳುವಂಥ ಸಹಜ ಸುಳ್ಳು ಎಂದು ಇನ್ನೊಬ್ಬ ಪಾದ್ರಿ ಹೇಲ್ ಅಂಗಲಾಚಿದರೂ ಡ್ಯಾನ್‌ಫೋರ್ತ್ ಕೇಳುವುದಿಲ್ಲ. 72 ಜನರ ನೇಣಿಗೆ ಸಹಿ ಹಾಕಿದ ಕೈ ಅದು. ಇವಳ ಮಾತು ಸುಳ್ಳೆನಿಸಿ ಪ್ರಾಕ್ಟರನದು ನಿಜವೆನಿಸಿದರೆ ಆ ಸಹಿಗಳ ಗತಿ? ಪರೀಕ್ಷೆಯಲ್ಲಿ ಸೋತವನು ಅವನು.

ನಾಟಕಕ್ಕೆ ಆಧಾರವಾದ, 1692ರ ಅಮೆರಿಕದ ಸೇಲಂನಲ್ಲೂ ಮಾಟ ಮಾಡಿದೆವೆಂದು ತಪ್ಪೊಪ್ಪಿಕೊಂಡವರು ಉಳಿದರು, ಒಪ್ಪದ 19 ಜನ ನೇಣಿಗೇರಿದರು. ಆದರೆ ಹಾದರ ಮಿಲ್ಲರ್ ಸೇರಿಸಿದ್ದು. ನಿಜವಾದ ಅಬಿಗೇಲಳಿಗೆ ಆಗ 11-12 ವರ್ಷ, ಪ್ರಾಕ್ಟರನಿಗೆ 60ರ ಆಸುಪಾಸು. ಈ ಸುಳ್ಳಿಗೆ ಜಾಗ ಮಾಡಲೆಂದೇ ವಯಸ್ಸುಗಳನ್ನು ಬದಲಿಸಿದನೇನೋ ಎಂದು ನನಗನಿಸುತ್ತದೆ.

ಹಿಂದೊಮ್ಮೆ ಈ ದೃಶ್ಯದಲ್ಲಿ ಒಬ್ಬಳಿಗೆ ‘ಅಳು’ ಎಂದಿದ್ದೆ. ಇವತ್ತಿಗೂ ಆ ಪಶ್ಚಾತ್ತಾಪವಿದೆ. ನೀನು ಅಳಬೇಡ. ನಿರ್ದೇಶಕರು ಬೇರೆ ಹೇಳಿದರೆ ಅವರ ಮಾತೇ ಸರಿ, ಆದರೂ ಹೇಳುತ್ತೇನೆ: ಗಂಡನ ಬೆನ್ನಿನತ್ತ ಒಂದೇ ಸಲ ನೋಡು, ಮನಸ್ಸಿನಲ್ಲೇ ಮೂರು ಎಣಿಸು, ಆಮೇಲೆ ‘ಇಲ್ಲ’ ಎನ್ನು. ಗಟ್ಟಿ ದನಿಯಲ್ಲಿ ಹೇಳಿದರೆ ಮೊದಲೇ ಕಲಿತು ಬಂದ ಸುಳ್ಳಿನಂತೆ ಕೇಳುತ್ತದೆ.

ಅದಕ್ಕೂ ಮುಂಚೆ ಎರಡನೇ ಅಂಕ. ಹತ್ತು ಕಟ್ಟಳೆಗಳನ್ನು ಬೆರಳೆಣಿಸುತ್ತ ಪ್ರಾಕ್ಟರ್ ಹಾದರದ ಕಟ್ಟಳೆಯನ್ನೇ ಮರೆಯುತ್ತಾನೆ, ನೀನು ನೆನಪಿಸುತ್ತೀಯ. ಅಲ್ಲಿ ಚುಚ್ಚಿದರೆ ಪ್ರೇಕ್ಷಕರು ನಗುತ್ತಾರೆ, ಮುಂದೆ ನಿನ್ನ ‘ಇಲ್ಲ’ವನ್ನು ಪ್ರೀತಿಯೆಂದು ನಂಬುವುದಿಲ್ಲ. ಮೆಲ್ಲಗೆ ಹೇಳು.

ಜೈಲಿನ ದೃಶ್ಯದಲ್ಲಿ ಅವಳು ತನ್ನ ತಣ್ಣಗಿನ ಮನಸ್ಸನ್ನೂ ಒಪ್ಪಿಕೊಳ್ಳುತ್ತಾಳೆ. ಆಷಾಢಭೂತಿ ಹಾಗೆ ಒಪ್ಪಿಕೊಳ್ಳುತ್ತಾಳೆಯೇ? ನಿನಗೆ ಮತ್ತೆ ಆ ಅನುಮಾನ ಬಂದಾಗ ಆ ಪುಟ ತೆರೆದು ಓದು.

ಮತ್ತೆ, ಪ್ರಾಕ್ಟರ್ ಆಡುವ ಹುಡುಗನಿಗೆ ಹೇಳು, ನೀನು ಉತ್ತರಿಸುವವರೆಗೂ ಅವನು ಕತ್ತು ತಿರುಗಿಸಕೂಡದು.

ನಿನ್ನ ದೊಡ್ಡಪ್ಪ