ಶನಿವಾರದ ರಿಪೇರಿ ಕ್ಲಾಸ್ ನಿಲ್ಲಿಸುವುದಿಲ್ಲ: ಪೋಷಕರಿಗೆ ಒಂದು ಪತ್ರ

ಎಲ್ಲ ಪೋಷಕರಿಗೂ ನಮಸ್ಕಾರ,

ಹೋದ ವಾರ ಆಫೀಸಿನಲ್ಲಿ ನಡೆದ ಗಲಾಟೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಾಗಿದೆ. ಗೊತ್ತಿಲ್ಲದವರಿಗೂ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಂಜೆ ಬಂದ 17 ವಾಯ್ಸ್ ಮೆಸೇಜುಗಳು ತಿಳಿಸಿರುತ್ತವೆ. ಎಲ್ಲವನ್ನೂ ಕೇಳಿದ್ದೇನೆ, ಒಂದೆರಡನ್ನು ಎರಡು ಸಲ. ಮಕ್ಕಳಿಗೆ ಶನಿವಾರ ಕಂಪ್ಯೂಟರ್ ರಿಪೇರಿ ಕಲಿಸುವ ಕ್ಲಾಸನ್ನು ನಿಲ್ಲಿಸಿ ಅನ್ನುವುದು ನಿಮ್ಮ ಮಾತು. ಗುಂಪಿನಲ್ಲೇ ಉತ್ತರ ಕೊಟ್ಟರೆ ಮಾತಿಗೆ ಮಾತು ಬೆಳೆಯುತ್ತದೆ ಅಂತ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ರಾತ್ರಿ ಊಟ ಆದಮೇಲೆ ಓದಿ.

ಗುರುವಾರ ಪ್ರಾರ್ಥನೆ ಮುಗಿಸಿ ನಾನು ಬಂದು ಕೂರುವಷ್ಟರಲ್ಲಿ, ಒಂಬತ್ತನೇ ತರಗತಿಯ ಹುಡುಗನೊಬ್ಬನ ತಂದೆ ಸಿಪಿಯು ಡಬ್ಬವನ್ನು ಟವೆಲಿನಲ್ಲಿ ಸುತ್ತಿಕೊಂಡು ಸ್ಕೂಟರಿನಲ್ಲಿ ತಂದು ನನ್ನ ಮೇಜಿನ ಮೇಲಿಟ್ಟರು. "ಓದೋಕೆ ಅಂತ ಕಳ್ಸುದ್ರೆ ಕೈಗೆ ಸ್ಕ್ರೂಡ್ರೈವರ್ ಕೊಟ್ಟು ಕಳ್ಸಿದ್ದೀರಲ್ಲ ಮೇಡಂ. ನೀವೇ ಕೆಡ್ಸಿದ್ದೀರಿ, ನೀವೇ ಸರಿ ಮಾಡ್ಸ್ಕೊಡಿ" ಅಂದರು. ಅವರಿಗೆ ಕೋಪ ಬಂದದ್ದರಲ್ಲಿ ತಪ್ಪೇನೂ ಇಲ್ಲ. ಕಬ್ಬಿನ ದುಡ್ಡು ಕೈಗೆ ಬಂದಾಗ ಮಗನ ಓದಿಗೆ ಅಂತ ಕೊಂಡ ಕಂಪ್ಯೂಟರ್ ಅದು. (ಅವರನ್ನು ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.)

ಈಗ ನಡೆದದ್ದನ್ನು ಸರಿಯಾಗಿ ಕೇಳಿ. ಆ ಕಂಪ್ಯೂಟರ್ ಹುಡುಗ ಮುಟ್ಟುವುದಕ್ಕೆ ನಾಲ್ಕು ದಿನ ಮೊದಲೇ ಕೆಟ್ಟಿತ್ತು. ಫ್ಯಾನ್ ತಿರುಗುತ್ತಿತ್ತು, ಮಾನಿಟರಿನಲ್ಲಿ ಏನೂ ಬರುತ್ತಿರಲಿಲ್ಲ. ಶನಿವಾರ ನಮ್ಮ ಕಂಪ್ಯೂಟರ್ ಮೇಷ್ಟ್ರು ರ‍್ಯಾಮ್ ಪಟ್ಟಿಯನ್ನು (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ಮೆಮೊರಿ) ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಹಾಕುವುದನ್ನು ತೋರಿಸಿದ್ದರು. ಭಾನುವಾರ ಹುಡುಗ ಮನೆಯಲ್ಲಿ ಒಬ್ಬನೇ ಇದ್ದಾಗ ಅದನ್ನೇ ಮಾಡಿದ. ಮಾಡಿದ್ದು ಸರಿಯೇ, ಆದರೆ ರ‍್ಯಾಮಿನ ಒಂದು ತುದಿ ಕ್ಲಿಪ್ಪಿಗೆ ಕೂತಿರಲಿಲ್ಲ. ಆನ್ ಮಾಡಿದರೆ ಬೀಪ್ ಬೀಪ್ ಅಂತ ಶುರುವಾಯಿತು. ಮನೆಯವರು ಹೆದರಿದರು. ನಿಜ ಹೇಳಬೇಕೆಂದರೆ ಆ ಬೀಪ್ ಒಳ್ಳೆಯ ಸುದ್ದಿ. ಬೋರ್ಡು (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ, ಮದರ್‌ಬೋರ್ಡ್) ಜೀವಂತ ಇದೆ, "ನನಗೆ ರ‍್ಯಾಮ್ ಕಾಣಿಸುತ್ತಿಲ್ಲ" ಅಂತ ಕೂಗಿ ಹೇಳುತ್ತಿದೆ ಅಂತ ಅರ್ಥ. ಎರಡೂ ಕಡೆ ಟಕ್ ಅನ್ನುವ ಹಾಗೆ ಒತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಸೋಮವಾರ ಅದು ಅಂಗಡಿಗೆ ಹೋಯಿತು. ಅಲ್ಲಿ "ಎಸ್‌ಎಂಪಿಎಸ್ ವೀಕಾಗಿದೆ" ಅಂತ 750 ರೂಪಾಯಿಗೆ ಬೇರೆಯದು ಹಾಕಿದರು. (ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿ ಕೊಡುವ ಪೆಟ್ಟಿಗೆ.) ರ‍್ಯಾಮನ್ನೂ ಸರಿಯಾಗಿ ಕೂರಿಸಿರಬೇಕು, ಯಾಕೆಂದರೆ ಕಂಪ್ಯೂಟರ್ ಆನ್ ಆಯಿತು. ಬಿಲ್ ಕೊಡಲಿಲ್ಲ. ಹಳೆಯ ಎಸ್‌ಎಂಪಿಎಸ್ಸನ್ನು ಅಲ್ಲೇ ಇಟ್ಟುಕೊಂಡರು. ಮಂಗಳವಾರ ರಾತ್ರಿ ಸುಟ್ಟ ವಾಸನೆ ಬಂದು ಎಲ್ಲಾ ಆಫ್ ಆಯಿತು. ಬುಧವಾರ ಅದೇ ಅಂಗಡಿಯಲ್ಲಿ "ಬೋರ್ಡು ಹೋಗಿದೆ, 4,500 ಆಗುತ್ತೆ, ಹುಡುಗ ಬಿಚ್ಚಿದ್ನಲ್ಲಾ ಅದಕ್ಕೇ" ಅಂದರಂತೆ. ಗುರುವಾರ ಅದು ನನ್ನ ಮೇಜಿಗೆ ಬಂತು.

ನಮ್ಮ ಮೇಷ್ಟ್ರು ಲ್ಯಾಬಿನಲ್ಲಿದ್ದ ಒಂದು ಎಸ್‌ಎಂಪಿಎಸ್ ತಂದು ಜೋಡಿಸಿದರು. ಆನ್ ಆಯಿತು. ಬೋರ್ಡಿಗೆ ಏನೂ ಆಗಿರಲಿಲ್ಲ. ಹುಡುಗನ ಪ್ರಾಜೆಕ್ಟ್ ಫೈಲು ಕೂಡ ಹಾಗೇ ಇತ್ತು. ಅಪ್ಪ, ಮಗ ಇಬ್ಬರೂ ಸುಮ್ಮನೆ ನಿಂತಿದ್ದರು. ನಾನು ಕಾಫಿ ತರಿಸಿದೆ.

ಇದರಲ್ಲಿ ಶಾಲೆಯ ತಪ್ಪು ಇಲ್ಲವೇ? ಇದೆ. ರಿಪೇರಿ ಕ್ಲಾಸ್ ಶುರು ಮಾಡುವಾಗ ನಿಮಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಮನೆಯಲ್ಲಿ ಒಬ್ಬರೇ ಇದ್ದಾಗ ಬಿಚ್ಚಬೇಡಿ ಅಂತ ಮಕ್ಕಳಿಗೆ ಖಡಾಖಂಡಿತವಾಗಿ ಹೇಳಬೇಕಿತ್ತು, ಅದನ್ನೂ ಹೇಳಿರಲಿಲ್ಲ. ಇವೆರಡಕ್ಕೂ ಮುಖ್ಯ ಶಿಕ್ಷಕಿಯಾಗಿ ನಾನೇ ಹೊಣೆ. ಕ್ಷಮಿಸಿ.

ಆದರೆ ಕ್ಲಾಸ್ ನಿಲ್ಲಿಸಿ ಅಂದರೆ, ಇಲ್ಲ. ಅದನ್ನು ನಿಲ್ಲಿಸುವುದಿಲ್ಲ.

ಒರಟಾಗಿ ಹೇಳಿದೆ ಅನಿಸಿದರೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಮಕ್ಕಳನ್ನು ಮೆಕ್ಯಾನಿಕ್ ಮಾಡಲು ಹೊರಟಿಲ್ಲ. ಎಂಟು ಮತ್ತು ಒಂಬತ್ತನೇ ತರಗತಿಗೆ ಮಾತ್ರ, ಶನಿವಾರದ ಕೊನೆಯ 40 ನಿಮಿಷ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಇದಕ್ಕೆ ಸೇರಿಸಿಲ್ಲ, ಆ ಆತಂಕ ಬಿಡಿ. ಕಲಿಸುವುದು ಮುಖ್ಯವಾಗಿ ಒಂದೇ: ಕೆಟ್ಟಾಗ ಗಾಬರಿಯಾಗದೆ ಹೊರಗಿನಿಂದ ಒಳಕ್ಕೆ ನೋಡಿಕೊಂಡು ಬರುವುದು. ಮೊದಲು ಗೋಡೆಯ ಸ್ವಿಚ್ಚು, ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸಿನ ಫ್ಯೂಸು, ಆಮೇಲೆ ಡಬ್ಬದ ಹಿಂದೆ ಇರುವ ಪುಟ್ಟ ಸ್ವಿಚ್ಚು, ಮಾನಿಟರ್ ಕೇಬಲ್ಲು, ಇಷ್ಟೆಲ್ಲ ಆದಮೇಲೇ ಡಬ್ಬದ ಬಾಗಿಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಎರಡು ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ವಿಜ್ಞಾನದ ಪಾಠದಲ್ಲಿ ಇದನ್ನೇ ಪ್ರಯೋಗ ಅಂತ ಹೇಳಿಕೊಡುತ್ತೇವೆ, ಅಲ್ವಾ? (ಆ ಡಬ್ಬವನ್ನು ಸಿಪಿಯು ಅನ್ನಬಾರದು, ಸಿಪಿಯು ಅಂದರೆ ಒಳಗಿರುವ ಚಿಪ್ ಮಾತ್ರ ಅಂತ ಮೇಷ್ಟ್ರು ನನಗೆ ಮೂರು ಸಲ ಹೇಳಿದ್ದಾರೆ. ಮಂಡ್ಯದಲ್ಲಿ ಅದರ ಹೆಸರು ಸಿಪಿಯುನೇ ಅಂತ ನಾನೂ ಮೂರು ಸಲ ಹೇಳಿದ್ದೇನೆ.)

ಇದರಿಂದ ಏನು ಉಪಯೋಗ ಅಂತ ಕೇಳಿದ ತಾಯಿಯೊಬ್ಬರಿಗೆ ಒಂದು ಉದಾಹರಣೆ. ಎಂಟನೇ ತರಗತಿಯ ಹುಡುಗಿಯ ಮನೆಯಲ್ಲಿ ಯಾವ ವೆಬ್‌ಸೈಟೂ ತೆರೆಯುತ್ತಿರಲಿಲ್ಲ, ಸುರಕ್ಷಿತವಲ್ಲ ಅಂತ ತೋರಿಸುತ್ತಿತ್ತು. ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು, 800 ರೂಪಾಯಿ ಅಂತ ರಿಪೇರಿಯವರು ಅಂದಿದ್ದರಂತೆ. ಅವಳು ಪರದೆಯ ಮೂಲೆಯಲ್ಲಿದ್ದ ತಾರೀಖು ನೋಡಿದಳು. 2010 ಅಂತ ಇತ್ತು. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಸಿಆರ್ 2032 ಅಂತ, 3 ವೋಲ್ಟಿನದು. ಕರೆಂಟು ಇಲ್ಲದಾಗಲೂ ಗಡಿಯಾರ ಓಡಿಸುವುದು ಅದೇ. ಅದು ಮುಗಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಿದರೆ ಬ್ರೌಸರ್ ವೆಬ್‌ಸೈಟುಗಳನ್ನು ನಂಬುವುದಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೆಲ್ ಬದಲಿಸಿ ತಾರೀಖು ಸರಿ ಮಾಡಿದಳು. ಸೆಲ್ಲಿಗೆ 40 ರೂಪಾಯಿ. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂತ ಗುಂಪಿನಲ್ಲಿ ಕೇಳಿದವರು ಈ ಸಾಲನ್ನು ಇನ್ನೊಂದು ಸಲ ಓದಿಕೊಳ್ಳಬೇಕು.

ಅಪಾಯ ಇಲ್ವಾ ಅಂತ ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. ಡಬ್ಬದೊಳಗೆ ಬೋರ್ಡಿಗೆ ಬರುವುದು 12, 5 ಮತ್ತು 3.3 ವೋಲ್ಟ್. ಗೋಡೆಯ 230 ವೋಲ್ಟ್ ಎಸ್‌ಎಂಪಿಎಸ್ ಎಂಬ ತಗಡಿನ ಪೆಟ್ಟಿಗೆಯ ಒಳಗೇ ಉಳಿಯುತ್ತದೆ. ಆ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚುವಂತಿಲ್ಲ. ಮಕ್ಕಳೂ ಇಲ್ಲ, ನೀವೂ ಇಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ (ಕರೆಂಟು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳು) ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರಬಹುದು. ದಪ್ಪ ಹಿಂಭಾಗದ ಹಳೇ ಮಾನಿಟರಿಗೂ ಇದೇ ಮಾತು. ಲ್ಯಾಪ್‌ಟಾಪ್ ಬ್ಯಾಟರಿ ಉಬ್ಬಿದ್ದರೆ ಒತ್ತಬಾರದು, ಚಾರ್ಜಿಗೆ ಹಾಕಬಾರದು. ಮಿಕ್ಕಂತೆ ಪ್ಲಗ್ ಪೂರ್ತಿ ಕಿತ್ತು, ದೊಡ್ಡವರು ಪಕ್ಕದಲ್ಲಿ ಕೂತು, ರ‍್ಯಾಮ್ ತೆಗೆದು ಹಾಕುವುದು ಅಥವಾ ಪೇಂಟ್ ಬ್ರಷ್ಷಿನಿಂದ ಫ್ಯಾನಿನ ಧೂಳು ತೆಗೆಯುವುದು ತರಕಾರಿ ಹೆಚ್ಚುವುದಕ್ಕಿಂತ ಅಪಾಯದ್ದಲ್ಲ. ಅದಿರಲಿ, ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ನಾಲ್ಕೈದು ಮಕ್ಕಳು ಹೇಳಿದ್ದಾರೆ. ಅದು ಕಂಪ್ಯೂಟರಿನ ತೊಂದರೆಗಿಂತ ನಿಮ್ಮ ಮನೆಯ ಅರ್ಥಿಂಗ್ ತೊಂದರೆ ಇರಬಹುದು. ದಯವಿಟ್ಟು ಈ ವಾರವೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಆಮೇಲೆ ಆ 750 ರೂಪಾಯಿಯ ಎಸ್‌ಎಂಪಿಎಸ್. ನಾನು ಗಣಿತದ ಟೀಚರ್, ಅದರ ಮೇಲಿನ ಚೀಟಿ ನೋಡಿ ನನಗೆ ಸುಮ್ಮನಿರಲು ಆಗಲಿಲ್ಲ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್. ಕೆಳಗೆ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರಿಗೆ 14 ಆಂಪಿಯರ್. ಗುಣಿಸಿ ನೋಡಿ, 168 ವ್ಯಾಟ್. ಈಗಿನ ಕಂಪ್ಯೂಟರ್ ಬಹುಪಾಲು ಕರೆಂಟು ಎಳೆಯುವುದೇ ಆ 12 ವೋಲ್ಟಿನ ತಂತಿಯಿಂದ. ಅಂದರೆ 450 ಅನ್ನುವುದು ಹೆಸರಿಗಷ್ಟೇ. ಅದೂ ಸಾಲದು ಅಂತ ತಯಾರಿಸಿದವರ ವಿಳಾಸ ಇಲ್ಲ, ಎಂಆರ್‌ಪಿ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಶುಕ್ರವಾರ ಒಂಬತ್ತನೇ ತರಗತಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆ.

ಇನ್ನೊಬ್ಬರನ್ನು ಆಡಿಕೊಳ್ಳುವುದಕ್ಕೆ ಮೊದಲು ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಶಾಲಾ ವಾರ್ಷಿಕೋತ್ಸವದ ಫೋಟೋ ಎಲ್ಲಿ ಎಂದು ನಿಮ್ಮಲ್ಲಿ ಎಷ್ಟೋ ಜನ ಕೇಳಿದ್ದಿರಿ. "ಕಳಿಸುತ್ತೇವೆ" ಅಂತ ಹೇಳುತ್ತಾ ಬಂದೆ. ಫೋಟೋಗಳು ಇಲ್ಲ. ನಾನೇ ಆನ್‌ಲೈನಿನಲ್ಲಿ 599 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ತರಿಸಿ ಅದಕ್ಕೆ ಹಾಕಿ, ಕ್ಯಾಮೆರಾ ಕಾರ್ಡ್ ಖಾಲಿ ಮಾಡಿದ್ದೆ. ಕಂಪ್ಯೂಟರಿಗೆ ಹಾಕಿದರೆ 2 ಟಿಬಿ ಅಂತಲೇ ತೋರಿಸುತ್ತದೆ, ಫೈಲುಗಳ ಹೆಸರು ಎಲ್ಲಾ ಇವೆ, ತೆರೆದರೆ ಏನೂ ಇಲ್ಲ. ಮೇಷ್ಟ್ರು ಅದನ್ನು ಪೂರ್ತಿ ತುಂಬಿಸಿ ಓದಿ ನೋಡುವ ಒಂದು ಉಚಿತ ಸಾಫ್ಟ್‌ವೇರ್ ಹಾಕಿ ಪರೀಕ್ಷೆ ಮಾಡಿದರು. 2 ಟಿಬಿ ಅಂದರೆ ಸುಮಾರು 2,000 ಜಿಬಿ, ಒಳಗೆ ನಿಜವಾಗಿ ಇದ್ದದ್ದು 29 ಜಿಬಿ. ಸುಳ್ಳು ಅಳತೆ ಹೇಳುವ ಹಾಗೆ ಅದನ್ನು ಮೊದಲೇ ತಯಾರು ಮಾಡಿರುತ್ತಾರಂತೆ. ಜಾಗ ಮುಗಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ. ಯುಕೆಜಿ ಮಕ್ಕಳ ಕೋಲಾಟ ಹೋಯಿತು, ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ. ಎಂಎಸ್ಸಿ ಓದಿದವಳು ನಾನು.

ನಾವು ಮಂಡ್ಯದವರು. ಆಲೆಮನೆ ಮುಂದೆ ನಿಂತು, ಬೆಲ್ಲ ಜಾಸ್ತಿ ಬೆಳ್ಳಗೆ ಹೊಳೆಯುತ್ತಿದ್ದರೆ "ಏನ್ ಹಾಕಿದ್ದೀರಪ್ಪ ಇದಕ್ಕೆ" ಅಂತ ಕೇಳಿಯೇ ತೂಕಕ್ಕೆ ಹಾಕಿಸುವವರು. ಕಂಪ್ಯೂಟರ್ ಅಂಗಡಿಯಲ್ಲಿ ಮಾತ್ರ ಯಾಕೋ ಬಾಯಿ ಕಟ್ಟಿಹೋಗುತ್ತದೆ. ನಮಗೇನು ತಿಳಿಯುತ್ತದೆ ಬಿಡು ಅಂತ ಸುಮ್ಮನಾಗುತ್ತೇವೆ. "ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀನಿ" ಅಂದರೆ ಖುಷಿಪಡುತ್ತೇವೆ. 2,000 ರೂಪಾಯಿಯ ಸಾಮಾನಿಗೆ 18 ಪರ್ಸೆಂಟ್ ಜಿಎಸ್‌ಟಿ ಅಂದರೆ 360 ರೂಪಾಯಿ. ಆ 360 ಉಳಿಸಲು ಹೋಗಿ ವಾರಂಟಿಯನ್ನೇ ಬಿಟ್ಟುಕೊಡುತ್ತೇವೆ. ಬಿಲ್ ಇಲ್ಲದಿದ್ದರೆ ನಾಳೆ ಆ ಸಾಮಾನು ಅಲ್ಲೇ ಕೊಂಡದ್ದು ಅಂತ ಹೇಳಲೂ ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ದುಡ್ಡಿನ ಕಷ್ಟ ನನಗೆ ಗೊತ್ತಿಲ್ಲದೆ ಇದನ್ನು ಬರೆಯುತ್ತಿಲ್ಲ. ಹೊಸದನ್ನೇ ಕೊಳ್ಳಿ ಅಂತ ಹೇಳುತ್ತಿಲ್ಲ. ಹೊಸ ಡ್ಯೂಪ್ಲಿಕೇಟಿಗಿಂತ ಹಳೆಯ ಒರಿಜಿನಲ್ ಎಷ್ಟೋ ವಾಸಿ ಅನ್ನುವುದು ನನ್ನ ಅಭಿಪ್ರಾಯ, ಮೇಷ್ಟ್ರದೂ ಅದೇ. ಸೆಕೆಂಡ್ ಹ್ಯಾಂಡ್ ಆದರೆ ಹಾಗಂತಲೇ ಬಿಲ್ಲಿನಲ್ಲಿ ಬರೆಸಿ, "ಟೆಸ್ಟಿಂಗ್ ವಾರಂಟಿ" (ಬಳಸಿ ನೋಡಿ, ಕೆಟ್ಟರೆ ವಾಪಸ್ ಕೊಡಲು ಅಂಗಡಿಯವರು ಕೊಡುವ ಗಡುವು) ಎಷ್ಟು ದಿನ ಅಂತಲೂ ಬರೆಸಿ. ಹೊಸದಾದರೆ ಡಬ್ಬದ ಮೇಲಿನ ಸೀರಿಯಲ್ ನಂಬರೂ ಒಳಗಿನ ಸಾಮಾನಿನ ಮೇಲಿನ ನಂಬರೂ ಒಂದೇನಾ ನೋಡಿ, ಹಾರ್ಡ್ ಡಿಸ್ಕ್, ಪ್ರೊಸೆಸರ್ ಇಂಥವಕ್ಕೆ ಅದೇ ನಂಬರನ್ನು ಅಂಗಡಿಯಲ್ಲಿ ನಿಂತೇ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಇದೆಯೋ ಇಲ್ಲವೋ ತಿಳಿಯುತ್ತದೆ, ಆ ನಂಬರು ಬಿಲ್ಲಿನಲ್ಲೂ ಇರಲಿ. ಲ್ಯಾಪ್‌ಟಾಪ್ ಚಾರ್ಜರ್ ಕೊಳ್ಳುವವರು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ 8 ಅಂಕಿಯ ನಂಬರ್ ಹುಡುಕಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಗೆ ಕೊಟ್ಟ ನಂಬರ್ ಅಂತ ಬರುತ್ತದೆ. ರ‍್ಯಾಮ್ ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಡಿಡಿಆರ್3 ಮತ್ತು ಡಿಡಿಆರ್4 ಅನ್ನುವ ಎರಡು ಬಗೆಯ ಪಟ್ಟಿಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಬದಲಿಸಿದ ಹಳೇ ಸಾಮಾನು ನಿಮ್ಮದು, ಕೇಳಿ ವಾಪಸ್ ತನ್ನಿ. ಮೋಸ ಆಗಿ, ಕೈಯಲ್ಲಿ ಬಿಲ್ ಇದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಎಲ್ಲಾ ಅಂಗಡಿಯವರೂ ಹೀಗೇ ಅಂತ ನಾನು ಹೇಳಿದೆ ಅಂತ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಮ್ಮೂರಿನಲ್ಲಿ, ಮೈಸೂರಿನಲ್ಲಿ ಒಳ್ಳೆಯವರು ಬೇಕಾದಷ್ಟಿದ್ದಾರೆ. ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು ಅಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಿಂದಲೂ ತರುತ್ತೀರಿ, ತನ್ನಿ. ಬಿಲ್ ಕೇಳಿದರೆ ಮುಖ ಸಿಂಡರಿಸದೆ ಕೊಡುವ ಅಂಗಡಿಗೆ ಹೋಗಿ, ಅಷ್ಟೇ.

ಮತ್ತೆ ಕ್ಲಾಸಿನ ವಿಷಯ. ಇನ್ನು ಮುಂದೆ ಪೋಷಕರ ಒಪ್ಪಿಗೆ ಇರುವ ಮಕ್ಕಳು ಮಾತ್ರ ಸ್ಕ್ರೂಡ್ರೈವರ್ ಹಿಡಿಯುತ್ತಾರೆ. ಒಪ್ಪಿಗೆ ಇಲ್ಲದವರು ಕೂತು ನೋಡಬಹುದು, ಯಾರನ್ನೂ ಹೊರಗೆ ಕಳಿಸುವುದಿಲ್ಲ, ಅಂಕವನ್ನೂ ಕಡಿಮೆ ಮಾಡುವುದಿಲ್ಲ. ಮನೆಯಲ್ಲಿ ದೊಡ್ಡವರಿಲ್ಲದೆ ಡಬ್ಬ ಬಿಚ್ಚಿದ ಮಗುವಿಗೆ ಒಂದು ತಿಂಗಳು ಲ್ಯಾಬ್ ಬಂದ್. ಇದನ್ನು ಮಕ್ಕಳಿಗೂ ಹೇಳಿದ್ದೇನೆ. ಆ ಹುಡುಗನಿಗೆ ಶಿಕ್ಷೆ ಕೊಟ್ಟಿರಾ ಅಂತ ಕೇಳಿದ್ದೀರಿ. ಕೊಟ್ಟಿಲ್ಲ, ನಿಯಮ ಇಲ್ಲದಾಗ ಮಾಡಿದ ಕೆಲಸಕ್ಕೆ ಶಿಕ್ಷೆ ಕೊಡುವುದು ಹೇಗೆ? ಮುಂದಿನ ಶನಿವಾರ ರ‍್ಯಾಮ್ ಕೂರಿಸುವುದನ್ನು ಎಲ್ಲರಿಗೂ ತೋರಿಸುವ ಕೆಲಸ ಅವನಿಗೇ ಕೊಟ್ಟಿದ್ದೇವೆ.

ಇನ್ನೂ ಭಯ ಇರುವವರು ಶನಿವಾರ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಬಂದವರಿಗೆ ಕಾಫಿ ಇದೆ. ನೋಡಿದ ಮೇಲೂ ಬೇಡ ಅನಿಸಿದರೆ ನನ್ನ ಹತ್ತಿರ ಬನ್ನಿ, ಮಾತಾಡೋಣ.

ಇದರ ಜೊತೆಗಿರುವ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ

ವಿ.ಸೂ.: ವಾರ್ಷಿಕೋತ್ಸವದ ದಿನ ಮೊಬೈಲಿನಲ್ಲಿ ಕೋಲಾಟದ ಫೋಟೋ ತೆಗೆದವರು ಯಾರಾದರೂ ಇದ್ದರೆ ಕ್ಲಾಸ್ ಟೀಚರಿಗೆ ಕಳಿಸಿ. ಮತ್ತೆ, ಸಿಪಿಯು ಸುತ್ತಿಕೊಂಡು ಬಂದ ಟವೆಲ್ ಆಫೀಸಿನಲ್ಲೇ ಉಳಿದಿದೆ. ಒಗೆಸಿ ಇಟ್ಟಿದ್ದೇವೆ, ಮಗನ ಕೈಲಿ ಕಳಿಸಿದರೆ ಮರೆತುಬಿಡುತ್ತಾನೆ, ನೀವೇ ಬಂದು ತಗೊಂಡು ಹೋಗಿ.