ಹೊಗೆಯ ಮುಂದೆ ನಿಲ್ಲುವವರ ಬಗ್ಗೆಯೂ ಬರೆಯಿರಿ

ಸಂಪಾದಕರೇ,

ಪೌಡರ್, ಡಿಯೋಡರೆಂಟ್, ಹೇರ್ ಡೈ, ಸ್ಟ್ರೇಟ್ನಿಂಗ್ ಕ್ರೀಮ್ ಎಲ್ಲವನ್ನೂ ಒಂದೇ ಪಟ್ಟಿಗೆ ಸೇರಿಸಿ, ಇವೆಲ್ಲ ಕ್ಯಾನ್ಸರ್ ತರುತ್ತವೆ ಎಂದು ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ನಾನು 15 ವರ್ಷಗಳಿಂದ ಬ್ಯೂಟಿ ಪಾರ್ಲರ್‌ನಲ್ಲಿ ದುಡಿಯುವವಳು. ಸುಮ್ನೆ ಇರಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಲೇಖನ ಬಂದ ವಾರದಲ್ಲೇ ಹಳೆಯ ಗ್ರಾಹಕರೊಬ್ಬರು ಬಂದಿದ್ದರು. ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಮುಗಿದಿತ್ತು. ಹೊಸದಾಗಿ ಚಿಗುರಿದ ಕೂದಲನ್ನು ಒಪ್ಪ ಮಾಡಿಸಿಕೊಳ್ಳಬೇಕಿತ್ತು. ಕನ್ನಡಿಯಲ್ಲೇ ನನ್ನ ಮುಖ ನೋಡುತ್ತಾ, "ಕಾಲೇಜಿನ ದಿನದಿಂದ ಡಿಯೋಡರೆಂಟ್ ಹಾಕ್ತಿದ್ದೆ. ಈ ಕಾಯಿಲೆ ನಾನೇ ತಂದುಕೊಂಡೆ ಅಲ್ವಾ?" ಎಂದರು. ಕತ್ತರಿ ಹಿಡಿದ ನನ್ನ ಕೈ ಅಲ್ಲೇ ನಿಂತಿತು. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಇದ್ದ 813 ಹೆಂಗಸರನ್ನೂ ಇಲ್ಲದ 793 ಹೆಂಗಸರನ್ನೂ ಹೋಲಿಸಿ ನೋಡಿತ್ತು. ಡಿಯೋಡರೆಂಟ್‌ಗೂ ಈ ಕಾಯಿಲೆಗೂ ನಂಟು ಕಾಣಲಿಲ್ಲ. ಈ ಒಂದು ಮಾತು ನಿಮ್ಮ ಲೇಖನದಲ್ಲಿ ಇದ್ದಿದ್ದರೆ ಅವರು ತನ್ನನ್ನೇ ಹಳಿದುಕೊಂಡು ಒಂದು ವಾರ ನಿದ್ದೆಗೆಡುತ್ತಿರಲಿಲ್ಲ.

ಪೌಡರ್ ವಿಷಯ ಬೇರೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರ ಜುಲೈನಲ್ಲಿ, ಪೌಡರ್‌ಗೆ ಬಳಸುವ ಟಾಲ್ಕನ್ನು 'ಕ್ಯಾನ್ಸರ್ ತರುವ ಸಂಭವ ಇದೆ' ಎನ್ನುವ ಗುಂಪಿಗೆ ಸೇರಿಸಿತು. ನೆಲದಿಂದ ತೆಗೆಯುವ ಈ ಖನಿಜದ ಜೊತೆ ಕೆಲವೊಮ್ಮೆ ಕಲ್ನಾರು (ಆಸ್‌ಬೆಸ್ಟಾಸ್) ಬೆರೆತಿರುತ್ತದೆ. ಅದಂತೂ ಖಚಿತವಾಗಿ ಕ್ಯಾನ್ಸರ್ ತರುವಂಥದ್ದು. ಮಗುವಿಗೆ ಪೌಡರ್ ಹಾಕಲೇಬೇಕು ಅಂತೇನಿಲ್ಲ, ಬಿಟ್ಟರೆ ನಷ್ಟವೂ ಇಲ್ಲ. ಆದರೆ ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅದನ್ನು ಬಿಡಿಸಿ ಹೇಳಬೇಕಿತ್ತು.

ನನಗೆ ಜಾಸ್ತಿ ಬೇಸರವಾಗಿದ್ದು ಸ್ಟ್ರೇಟ್ನಿಂಗ್ ಬಗ್ಗೆ ಎರಡೇ ಸಾಲು ಬರೆದದ್ದಕ್ಕೆ. ನಾವು ಕೂದಲಿಗೆ ಕ್ರೀಮ್ ಹಚ್ಚಿ, ಒಣಗಿಸಿ, ಕಾದ ಐರನ್ ಎಳೆಯುತ್ತೇವೆ. ಎಳೆದ ಕೂಡಲೇ ಹೊಗೆ ಏಳುತ್ತದೆ. ಕಣ್ಣು ಉರಿಯುತ್ತದೆ, ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ. ಹಲವು ಕ್ರೀಮ್‌ಗಳಿಂದ ಹೀಗೆ ಹೊರಬರುವುದು ಫಾರ್ಮಾಲ್ಡಿಹೈಡ್ ಅನಿಲ. ಮೂಗಿನ ಹಿಂಭಾಗದ ಕ್ಯಾನ್ಸರ್‌ಗೂ ರಕ್ತದ ಕ್ಯಾನ್ಸರ್‌ಗೂ ಅದು ಕಾರಣವಾಗುತ್ತದೆ ಎಂದು ಅದೇ ಸಂಸ್ಥೆ ಹೇಳಿದೆ. ಇಲ್ಲಿ 'ಸಂಭವ' ಅನ್ನುವ ಮಾತೇ ಇಲ್ಲ. ಡಬ್ಬಿಯ ಮೇಲೆ 'ಫಾರ್ಮಾಲ್ಡಿಹೈಡ್ ಇಲ್ಲ' ಎಂದು ಬರೆದಿದ್ದರೂ ನಂಬಿ ಕೂರುವಂತಿಲ್ಲ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಮೀಥಿಲೀನ್ ಗ್ಲೈಕಾಲ್ ಎಂದಿದೆಯಾ ನೋಡಬೇಕು. ಫಾರ್ಮಾಲ್ಡಿಹೈಡ್ ನೀರಿಗೆ ಸೇರಿದಾಗ ಆಗುವುದೇ ಅದು, ಬಿಸಿ ತಾಗಿದರೆ ಮತ್ತೆ ಫಾರ್ಮಾಲ್ಡಿಹೈಡ್ ಆಗಿ ಗಾಳಿಗೆ ಬರುತ್ತದೆ.

ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಬಂತು. 70 ವರ್ಷ ತುಂಬುವುದರೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ, ಸ್ಟ್ರೇಟ್ನಿಂಗ್ ಮಾಡಿಸದವರಲ್ಲಿ ಶೇ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಮಾಡಿಸಿದವರಲ್ಲಿ ಶೇ 4.05 ಎಂದು ಅದು ಲೆಕ್ಕ ಹಾಕಿತು. ಕ್ರೀಮೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಆದರೆ ಕಡೆಗಣಿಸುವ ಅಂತರವೂ ಅಲ್ಲ. ಅವರೆಲ್ಲ ಕುರ್ಚಿಯಲ್ಲಿ ಕೂತವರು. ಅವರಿಗೆ ವರ್ಷದಲ್ಲಿ ನಾಲ್ಕೈದು ಸಲದ ಮಾತು. ನಾನು ವಾರಕ್ಕೇ ನಾಲ್ಕು ಸಲ ಆ ಹೊಗೆಯ ಮುಂದೆ ನಿಂತಿರುತ್ತೇನೆ.

ಹೇರ್ ಡೈ ಕಥೆಯೂ ಹೀಗೇ. ಸ್ವಂತಕ್ಕೆ ಬಣ್ಣ ಹಾಕಿಕೊಳ್ಳುವವರ ವಿಷಯದಲ್ಲಿ ತೀರ್ಮಾನಕ್ಕೆ ಬರುವಷ್ಟು ಪುರಾವೆ ಇಲ್ಲ ಎಂದ ಆ ಅಂತರರಾಷ್ಟ್ರೀಯ ಸಂಸ್ಥೆ, ಬಣ್ಣ ಹಾಕುವುದನ್ನೇ ಕಸುಬು ಮಾಡಿಕೊಂಡವರ ವಿಷಯದಲ್ಲಿ ಕ್ಯಾನ್ಸರ್ ಸಂಭವ ಇದೆ ಎಂದಿದೆ. ಮುಖ್ಯವಾಗಿ ಮೂತ್ರಕೋಶದ ಕ್ಯಾನ್ಸರ್.

ಹಿಂದೆ ನಾನಿದ್ದ ಪಾರ್ಲರ್‌ನಲ್ಲಿ ಕಿಟಕಿ ತೆಗೆಯಿರಿ ಎಂದು ಕೇಳಿದ್ದಕ್ಕೆ "ಏಸಿ ತಂಪು ಹೊರಗೆ ಹೋಗುತ್ತೆ" ಎಂಬ ಉತ್ತರ ಸಿಕ್ಕಿತ್ತು. ಈಗ ನನ್ನ ಜೊತೆ ಕೆಲಸ ಕಲಿಯುತ್ತಿರುವ ಹುಡುಗಿಗೆ 19 ವರ್ಷ. ಬಟ್ಟೆಯ ಮಾಸ್ಕ್ ಹಾಕಿಕೊಂಡರೆ ಸಾಕು ಅಂದುಕೊಂಡಿದ್ದಳು. ಬಟ್ಟೆ ಈ ಅನಿಲವನ್ನು ತಡೆಯುವುದಿಲ್ಲ. ಗಾಳಿಯನ್ನು ಹೊರಗೆ ಎಳೆಯುವ ಫ್ಯಾನ್ ಬೇಕು, ಕೈಗೆ ಗ್ಲೌಸ್ ಬೇಕು, ಇಂಥ ಕ್ರೀಮನ್ನೇ ತರಿಸುವುದಿಲ್ಲ ಎನ್ನುವ ಮಾಲೀಕರು ಬೇಕು.

ಮುಂದಿನ ಸಲ ಈ ವಿಷಯ ಬರೆಯುವ ಮೊದಲು, ಸ್ಟ್ರೇಟ್ನಿಂಗ್ ನಡೆಯುವ ಹೊತ್ತಿಗೆ ಒಬ್ಬ ವರದಿಗಾರರನ್ನು ಯಾವುದಾದರೂ ಪಾರ್ಲರ್‌ಗೆ ಕಳಿಸಿಕೊಡಿ. ಕೆಲಸ ಮುಗಿಯುವವರೆಗೂ ಐರನ್ ಹಿಡಿದವಳ ಪಕ್ಕದಲ್ಲೇ ನಿಲ್ಲಲಿ.

ಇಂತಿ,
ಒಬ್ಬ ಬ್ಯೂಟಿಷಿಯನ್, ನಿಮ್ಮ ಓದುಗಿ